ಮ್ವಾಲಿಮು ಜೂಲಿಯಸ್ ನ್ಯೆರೇರೆಯವರು



ಪೂರ್ವ ಆಫ್ರಿಕಾದ ಟಾಂಜಾನಿಯಾ ದೇಶದ ಜನರು ತಮ್ಮ ಪ್ರಥಮ ರಾಷ್ಟ್ರಾಧ್ಯಕ್ಷರಾದ ಜೂಲಿಯಸ್ ನ್ಯೆರೇರೆಯವರನ್ನು ‘ಮ್ವಾಲಿಮು’ ಎಂದು ಕರೆಯುತ್ತಿದ್ದರು. ಸ್ವಾಹಿಲಿ ಭಾಷೆಯಲ್ಲಿ ಈ ಶಬ್ದಕ್ಕೆ ಉಪಾಧ್ಯಾಯನೆಂದು ಅರ್ಥ. ಇಪ್ಪತ್ತಕ್ಕೂ ಮಿಕ್ಕಿದ ವರ್ಷಗಳ ಕಾಲ ರಾಜ್ಯಭಾರ ನಡೆಸಿದ ಪುರುಷನಿಗೆ ಪ್ರಜೆಗಳಿತ್ತ ಬಿರುದು ಪಾಠಶಾಲೆಯದಾಗಿತ್ತೆಂಬುದು ಗಮನಾರ್ಹವಾದುದು.

ಇವರು 1922ನೆಯ ಇಸವಿ ಏಪ್ರಿಲ್ 13ರಂದು ವಿಕ್ಟೋರಿಯಾ ಸರೋವರದ ಸಮೀಪದ ಬುಟಿಯಾಮ ಗ್ರಾಮದಲ್ಲಿ, ಜನಾಕಿ ಎಂಬ ಸಣ್ಣ ಬುಡಕಟ್ಟಿನ ನಾಯಕರ ಪುತ್ರರಾಗಿ ಜನಿಸಿದರು. ಹನ್ನೆರಡನೆಯ ವಯಸ್ಸಿನಲ್ಲಿ ಶಾಲೆಯನ್ನು ಸೇರಿ, ಮಕೆರೇರೆ ಕಾಲೇಜಿನಲ್ಲಿ ವ್ಯಾಸಂಗಮಾಡಿ, 1952ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದಿಂದ ಎಂ.ಎ. ಪದವಿಯನ್ನು ಪಡೆದರು. ಸ್ವದೇಶಕ್ಕೆ ಮರಳಿ ದಾರ್ ಎಸ್ ಸಲಾಂ ನಗರದ ಬಳಿಯ ಪುಗುವಿನಲ್ಲಿ ಅಧ್ಯಾಪಕರಾದರು. 1954ರಲ್ಲಿ ಟಾಂಗನೀಕಾ ಆಫ್ರಿಕನ್ ರಾಷ್ಟ್ರೀಯ ಸಂಘವು ಸ್ಥಾಪಿತವಾದಾಗ ಅದರ ಅಧ್ಯಕ್ಷಸ್ಥಾನವು ಇವರಿಗೆ ಬಂದಿತು. ಅಧ್ಯಾಪನ, ರಾಜಕಾರಣ ಇವೆರಡರಲ್ಲೊಂದನ್ನು ಬಿಡಬೇಕಾಗಿ ಬಂದುದರಿಂದ ಮರುವರ್ಷವೇ ಉದ್ಯೋಗವನ್ನು ತ್ಯಜಿಸಿದರು.

1961ನೆಯ ಡಿಸೆಂಬರ್ 9ರಂದು ಟಾಂಗನೀಕಾ ದೇಶವು ರಕ್ತಪಾತವಿಲ್ಲದೆ ಸ್ವತಂತ್ರವಾಯಿತು. ನ್ಯೆರೇರೆಯವರು ಪ್ರಧಾನಮಂತ್ರಿಗಳಾದರು, ಆದರೆ ಆರೇ ವಾರಗಳಲ್ಲಿ ಆ ಪದವಿಯನ್ನು ರಶೀದಿ ಕವಾವ ಎಂಬ ಸಹೋದ್ಯೋಗಿಗೊಪ್ಪಿಸಿ ಹೊರಬಂದರು. ಸ್ವಾತಂತ್ರ್ಯ ಬಂದೊಡನೆ ಪಕ್ಷವು ಸಡಿಲವಾಗಿತ್ತು, ಹಳ್ಳಿಯ ಜನರೊಡನೆ ಅದರ ಸಂಬಂಧವನ್ನು ಮತ್ತೆ ಗಟ್ಟಿಗೊಳಿಸಬೇಕಾಗಿತ್ತು. ಹೊಸದಾಗಿ ದೊರೆತ ಗದ್ದುಗೆಯನ್ನು ಇಂಥ ಕಾರಣಕ್ಕಾಗಿ ಬಿಡುವವರು ಎಷ್ಟು ಮಂದಿ? 1962ರಲ್ಲಿ ಜನರು ಅವರನ್ನು ರಾಷ್ಟ್ರಾಧ್ಯಕ್ಷರನ್ನಾಗಿ ಆರಿಸಿ ಕರೆತಂದರು. 1964ರಲ್ಲಿ ಜಾಂಜಿಬಾರ್ ದ್ವೀಪವು ಕೂಡಿಕೊಂಡು ಟಾಂಜಾನಿಯಾ ರಾಷ್ಟ್ರವಾಯಿತು.

ನೂರಕ್ಕೂ ಹೆಚ್ಚು ಬುಡಕಟ್ಟುಗಳುಳ್ಳ ಆ ನಾಡಿಗೆ ಅವರು ಸ್ವಾಹಿಲಿಯನ್ನು ರಾಷ್ಟ್ರಭಾಷೆಯನ್ನಾಗಿ ಬೆಳೆಸಿದರು. ತಮ್ಮದೇ ಬುಡಕಟ್ಟಿನ ನುಡಿಯನ್ನು ಮೇಲಕ್ಕೆತ್ತುವ ಆಸೆಯನ್ನು ತೋರಲಿಲ್ಲ. ರಾಜ್ಯಭಾರದ ನಡುವೆಯೂ ಷೇಕ್ಸ್‌ಪಿಯರ್ ಕವಿಯ ‘ಜೂಲಿಯಸ್ ಸೀಸರ್’ ಮತ್ತು ‘ವೆನಿಸ್ಸಿನ ವರ್ತಕ’ ನಾಟಕಗಳನ್ನು ಆ ಭಾಷೆಗೆ ತಾವೇ ಅನುವಾದಿಸಿದರು. 1970ನೆಯ ಇಸವಿಯನ್ನು ವಯಸ್ಕರ ಶಿಕ್ಷಣದ ವರ್ಷವೆಂದು ಸಾರಿ, ಮುದುಕರ ಕೈಗೂ ಬಳಪವನ್ನು ಕೊಡಿಸಿದರು. 1967ರ ಅರೂಷಾ ಘೋಷಣೆಯ ಮೂಲಕ, ನಾಯಕರಾದವರು ಕಂಪೆನಿಗಳಲ್ಲಿ ಷೇರುಗಳನ್ನಿಡಕೂಡದು, ಮನೆಗಳನ್ನು ಬಾಡಿಗೆಗೆ ಕೊಡಕೂಡದು, ಎರಡು ಸಂಬಳಗಳನ್ನು ಪಡೆಯಕೂಡದೆಂದು ವಿಧಿಸಿದರು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅದು ಚರಿತ್ರೆಯಾಗದೆ ಸ್ತೋತ್ರಪಾಠವಾದೀತು. ಬಲಾತ್ಕಾರದಿಂದ ಜನರ ಅಭಿವೃದ್ಧಿಯಾಗದೆಂದು 1968ರಲ್ಲಿ ಬರೆದವರೇ, 1973ರಲ್ಲಿ, ಮೂರು ವರ್ಷಗಳೊಳಗಾಗಿ ರೈತರೆಲ್ಲರೂ ‘ಉಜಾಮಾ’ ನೀತಿಯ ಗ್ರಾಮಗಳಲ್ಲಿ ನೆಲೆಸತಕ್ಕದ್ದೆಂದು ಅಪ್ಪಣೆಮಾಡಿದರು. ಹತ್ತಾರು ಲಕ್ಷ ಜನರು ಮನೆ ಹೊಲಗಳನ್ನು ಬಿಟ್ಟು ಹೊರಡಬೇಕಾಯಿತು. ಕೆಲವೆಡೆ ಅಧಿಕಾರಿಗಳು ಹಳೆಯ ಗುಡಿಸಲುಗಳಿಗೆ ಬೆಂಕಿಯನ್ನಿಟ್ಟರು. ಬೆಳೆ ಕುಗ್ಗಿತು, ಹೊರದೇಶದ ಧಾನ್ಯ ಬೇಕಾಯಿತು. 1971ರ ಕಾನೂನಿನಿಂದ ಬಾಡಿಗೆಯ ಕಟ್ಟಡಗಳು ಸರಕಾರದ ವಶವಾದಾಗ ಅಲ್ಲಿನ ಭಾರತೀಯ ಮೂಲದ ಅನೇಕ ಕುಟುಂಬಗಳು ನಷ್ಟಕ್ಕೀಡಾದುವು. 1965ರಿಂದ ಒಂದೇ ಪಕ್ಷಕ್ಕೆ ಆಳುವ ಹಕ್ಕಿದ್ದಿತು. ವಿಚಾರಣೆಯಿಲ್ಲದೆ ಬಂಧನದಲ್ಲಿರಿಸುವ ಶಾಸನವೂ ಇದ್ದಿತು. ಸದುದ್ದೇಶವೊಂದರಿಂದಲೇ ಈ ದೋಷಗಳು ಮಾಸಿಹೋಗುವುವೆಂದು ಹೇಳುವುದು ನೊಂದವರಿಗೆ ಅನ್ಯಾಯ.

1985ರಲ್ಲಿ ನ್ಯೆರೇರೆಯವರು, ಯಾರ ಒತ್ತಾಯವೂ ಇಲ್ಲದೆ, ಅಧ್ಯಕ್ಷಪದವಿಯಿಂದಿಳಿದರು. ಅಲಿ ಹಸನ್ ಮ್ವಿನ್ಯಿಯವರು ಆ ಸ್ಥಾನಕ್ಕೆ ಬಂದರು. ಪಕ್ಷದ ಅಧ್ಯಕ್ಷತೆಯು ಮಾತ್ರ 1990ರ ವರೆಗೂ ಇವರಲ್ಲೇ ಉಳಿಯಿತು. ತ್ಯಾಗವು ಒಮ್ಮೆಗೇ ಪೂರ್ಣವಾಗಲಿಲ್ಲವೆನ್ನಬೇಕು. ಆದರೆ ಏಕಪಕ್ಷದ ಆಳ್ವಿಕೆಯನ್ನು ಕಟ್ಟಿದವರೇ ಅದನ್ನು ಮುಗಿಸುವ ಚರ್ಚೆಯನ್ನೂ ಪ್ರೋತ್ಸಾಹಿಸಿದರು. 1992ರಲ್ಲಿ ಅನ್ಯ ಪಕ್ಷಗಳಿಗೆ ಅವಕಾಶ ದೊರೆಯಿತು.

ಬುಟಿಯಾಮಕ್ಕೆ ಹಿಂದಿರುಗಿ ಬೇಸಾಯದಲ್ಲಿ ತೊಡಗಿದ ಅವರಿಗೆ ಭಾರತ ಸರಕಾರವು 1995ರಲ್ಲಿ ಗಾಂಧೀ ಶಾಂತಿ ಪುರಸ್ಕಾರವನ್ನಿತ್ತಿತು. ಆ ಪುರಸ್ಕಾರವನ್ನು ಮೊಟ್ಟಮೊದಲು ಪಡೆದವರು ಅವರೇ. ನೆರೆಯ ಬುರುಂಡಿ ದೇಶದ ಒಳಜಗಳವನ್ನು ಸಂಧಾನದಿಂದ ತೀರಿಸುವ ಕಾರ್ಯವನ್ನು ಇಳಿವಯಸ್ಸಿನಲ್ಲಿ ಕೈಗೊಂಡರು. ಅದು ಮುಗಿಯುವ ಮುನ್ನವೇ, 1999ನೆಯ ಅಕ್ಟೋಬರ್ 14ರಂದು, ಲಂಡನ್ ನಗರದ ಆಸ್ಪತ್ರೆಯಲ್ಲಿ ಕಾಲವಾದರು. ಸಂಧಾನದ ಭಾರವನ್ನು ನೆಲ್ಸನ್ ಮಂಡೇಲರು ವಹಿಸಿಕೊಂಡರು. ಮ್ವಾಲಿಮುರವರ ದೇಹವನ್ನು ಸ್ವದೇಶಕ್ಕೆ ತಂದು, ಹುಟ್ಟಿದ ಬುಟಿಯಾಮದ ಮಣ್ಣಿನಲ್ಲಿಯೇ ಸಮಾಧಿಮಾಡಿದರು.