ಅಳಿಸದ ಲೆಕ್ಕ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



"ಕಂಪ್ಯೂಟರಿನ್ಯಾಗ ಏನ್ ಕೆಲಸ ಮಾಡ್ತೀಯಪ್ಪಾ?" ಎಂದು ಊರಿಗೆ ಬಂದಾಗಲೆಲ್ಲ ಹಿರಿಯರು ಕೇಳುತ್ತಾರೆ. "ಕಿರ್ದಿ ಬರೀತೀನ್ರೀ" ಎನ್ನುತ್ತೇನೆ. ಅದು ಚೇಷ್ಟೆಯಲ್ಲ.

ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಇಂಥ ಸಂಘ ನಿಲ್ಲುವುದು ನಂಬಿಕೆಯ ಮೇಲೆ. ನಂಬಿಕೆ ನಿಲ್ಲುವುದು ಲೆಕ್ಕದ ಮೇಲೆ. ಜಮಾ-ಖರ್ಚು ನಡೆದ ಕ್ರಮದಲ್ಲೇ ಕಿರ್ದಿಗೆ ಏರುತ್ತದೆ. ಅಲ್ಲಿಂದ ಖತಾವಣಿಯಲ್ಲಿ ಒಬ್ಬೊಬ್ಬರ ಖಾತೆಗೆ ಹೋಗುತ್ತದೆ. ತಪ್ಪಾದರೆ ಕೆರೆದು ಅಳಿಸುವಂತಿಲ್ಲ. ತಿದ್ದುಪಡಿಯ ಹೊಸ ನಮೂದು ಬರೆಯಬೇಕು.

ನಾನು ಇದನ್ನು ಮರೆತು ಪೆಟ್ಟು ತಿಂದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಾಲದ ಬಾಕಿಯನ್ನಷ್ಟೇ ಇಡುವ ಪ್ರೋಗ್ರಾಂ ಬರೆದಿದ್ದೆ. ಒಬ್ಬರ ಬಾಕಿ 5000 ರೂಪಾಯಿ ಇತ್ತು. 1000 ಮತ್ತು 500ರ ಎರಡು ಕಂತು ಒಂದೇ ಕ್ಷಣಕ್ಕೆ ಬಂದವು. ಎರಡೂ ಕಡೆ 5000 ಎಂದೇ ಓದಿಕೊಂಡವು. ಒಂದು 4000 ಎಂದು ಬರೆಯಿತು. ಇನ್ನೊಂದು ಅದರ ಮೇಲೆಯೇ 4500 ಎಂದು ಬರೆಯಿತು. ಸಾವಿರ ರೂಪಾಯಿ ಗುರುತಿಲ್ಲದೆ ಹೋಯಿತು. ಅವರ ಬಳಿ ರಸೀದಿ ಇತ್ತು, ನಮ್ಮ ಬಳಿ ಲೆಕ್ಕವಿರಲಿಲ್ಲ.

ಆಮೇಲೆ ಕಲಿತದ್ದು 'ಇವೆಂಟ್ ಸ್ಟೋರ್'. ಇಲ್ಲಿ ಬಾಕಿಯನ್ನು ಬರೆಯುವುದಿಲ್ಲ, ನಡೆದದ್ದನ್ನು ಬರೆಯುತ್ತೇವೆ: ಸಾಲ ಕೊಟ್ಟದ್ದು, ಕಂತು ಬಂದದ್ದು. ಪ್ರತಿ ಖಾತೆಯ ಘಟನೆಗಳಿಗೂ 1, 2, 3 ಎಂದು ಕ್ರಮಾಂಕ. ಬರೆಯುವವರು "ನಾನು ಕಂಡ ಕೊನೆಯದು 7, ಇದು 8" ಎನ್ನಬೇಕು. ಅಷ್ಟರಲ್ಲಿ ಬೇರೆಯವರು 8ನ್ನು ಬರೆದಿದ್ದರೆ ಡೇಟಾಬೇಸ್ ಒಪ್ಪುವುದಿಲ್ಲ. ಒಂದೇ ಖಾತೆಯಲ್ಲಿ ಒಂದೇ ಕ್ರಮಾಂಕ ಎರಡು ಸಲ ಇರಬಾರದೆಂಬುದು ಅದರ ನಿಯಮ. ಮತ್ತೆ ಓದಿ 9 ಎಂದು ಬರೆಯಬೇಕು. ಹಾಗಾಗಿ ಯಾರ ಕಂತೂ ಕಳೆಯುವುದಿಲ್ಲ.

ಬಾಕಿ ಬೇಕಾದಾಗ ಮೊದಲಿನಿಂದ ಓದಿ ಕೂಡಿ ಕಳೆಯುತ್ತೇವೆ. ನಮೂದುಗಳು ಸಾವಿರಗಟ್ಟಲೆ ಆದರೆ? ಅದಕ್ಕೂ ಕಿರ್ದಿಯಲ್ಲೇ ಉತ್ತರವಿದೆ: ಆಖೇರಿ ಶಿಲ್ಕನ್ನು ಮುಂದಕ್ಕೆ ತಂದು, ಅಲ್ಲಿಂದಾಚೆಗಿನದನ್ನಷ್ಟೇ ಓದುವುದು. ಶಿಲ್ಕಿನ ಬಗ್ಗೆ ಸಂಶಯ ಬಂದರೆ ಹಿಂದಿನ ಪುಟಗಳು ಇದ್ದೇ ಇವೆ. ಒಂದು ಎಚ್ಚರ ಮಾತ್ರ ಬೇಕು: ಅಳಿಸಲಾಗದ ಪುಸ್ತಕದಲ್ಲಿ ಜನರ ಖಾಸಗಿ ವಿವರಗಳನ್ನು ಬೇಕಾಬಿಟ್ಟಿ ಬರೆಯಬಾರದು.

ಮಕ್ಕಳೇ, ಇದೇ ಶಾಲೆಯಲ್ಲಿ ಗಣಿತದ ಗುರುಗಳು ನನಗೆ, "ತಪ್ಪಿದ್ದಕ್ಕೆ ಒಂದು ಗೆರಿ ಎಳಿ, ಅಳಿಸಬ್ಯಾಡ, ಎಲ್ಲಿ ತಪ್ಪಿದಿ ಅಂತ ನನಗೂ ಕಾಣಲಿ, ನಿನಗೂ ಕಾಣಲಿ" ಎನ್ನುತ್ತಿದ್ದರು. ಆಗ ಅದು ಬೈಗುಳದಂತೆ ಕೇಳಿಸಿತ್ತು. ಈಗ ಅದರಿಂದಲೇ ಅನ್ನ ತಿನ್ನುತ್ತಿದ್ದೇನೆ.