ಕೇಡಿನೊಡನೆ ಹೋರಾಟ, ನೆರೆಯವರೊಡನೆ ಅಲ್ಲ

ನಮ್ಮ ಗಡಿ ಊರುಗಳಲ್ಲಿ ಒಂದೇ ಮನೆಯೊಳಗೆ ಎರಡು ಭಾಷೆ. ಅಜ್ಜಿ ಕನ್ನಡದಲ್ಲಿ ಕತೆ ಹೇಳುತ್ತಾಳೆ, ಮೊಮ್ಮಗ ಮರಾಠಿಯಲ್ಲಿ ಪಾಠ ಓದುತ್ತಾನೆ. ಅಂಜಿಕೆಗೂ ನಮ್ಮಲ್ಲಿ ಎರಡು ಭಾಷೆಯ ಹೆಸರುಗಳಿವೆ. ಕನ್ನಡದಲ್ಲಿ ಮಾಟ, ಮದ್ದು, ಗಾಳಿ, ದೆವ್ವ. ಮರಾಠಿಯಲ್ಲಿ ಕರಣಿ, ಬಾಧಾ, ಭೂತ. ಭಾನಾಮತಿ ಎಂಬ ಮಾತಂತೂ ಎರಡೂ ಕಡೆ ನಡೆಯುತ್ತದೆ. ಗಡಹಿಂಗ್ಲಜ ಕಡೆಯ ಹಳ್ಳಿಯಲ್ಲಿ ಎಮ್ಮೆ ಹಾಲು ಬತ್ತಿಸಿದರೆ, ಇಚಲಕರಂಜಿಯಲ್ಲಿ ಮಾಗ ಮೇಲಿಂದ ಮೇಲೆ ಕೆಟ್ಟು ನಿಂತರೆ, ಮನೆಯ ಸೊಸೆಗೆ ಮೂರ್ಛೆ ಬಂದರೆ, ‘ಯಾರೋ ಏನೋ ಮಾಡಿಸ್ಯಾರ’ ಎಂಬ ಮಾತು ಓಣಿಯಲ್ಲಿ ಹುಟ್ಟುತ್ತದೆ. ಆ ‘ಯಾರೋ’ ಎಂಬುದಕ್ಕೆ ಸಂಜೆಯೊಳಗೆ ಒಂದು ಹೆಸರೂ ಸಿಗುತ್ತದೆ. ಬಹಳ ಸಲ ಅದು ಗಂಡನಿಲ್ಲದ, ಮಕ್ಕಳಿಲ್ಲದ, ಒಬ್ಬಂಟಿ ಮುದುಕಿಯ ಹೆಸರು. ಮರುದಿನದಿಂದ ಆಕೆಗೆ ಯಾರೂ ಬೆಂಕಿಕಡ್ಡಿ ಕೂಡ ಕಡ ಕೊಡುವುದಿಲ್ಲ.

ಈ ಅಂಜಿಕೆಯ ವಿಷಯದಲ್ಲಿ ಕ್ರೈಸ್ತ ಧರ್ಮ ಏನು ಹೇಳುತ್ತದೆ, ಕೇಡಿನ ಶಕ್ತಿಯನ್ನು ವಿಶ್ವಾಸಿಯಾದವನು ಹೇಗೆ ಎದುರಿಸಬೇಕು ಎಂಬುದು ಈ ಹೊತ್ತಿನ ನನ್ನ ಮಾತಿನ ವಿಷಯ. ನಾನು ದೇವಶಾಸ್ತ್ರ ಕಲಿತವನಲ್ಲ. ಮ್ಯಾಟ್ರಿಕ್‌ವರೆಗೆ ಓದಿ, ಬ್ಯಾಂಕಿನ ಕೌಂಟರಿನಲ್ಲಿ ಆಯುಷ್ಯ ಕಳೆದು ನಿವೃತ್ತನಾದ ಒಬ್ಬ ಸಾಮಾನ್ಯ ವಿಶ್ವಾಸಿ. ಓದಿ, ಕೇಳಿ, ವಿಚಾರ ಮಾಡಿ ತಿಳಿದಷ್ಟನ್ನು ನಿಮ್ಮ ಮುಂದೆ ಇಡುತ್ತೇನೆ.

ಕೊಲ್ಲಾಪುರಕ್ಕೆ ಅಮೆರಿಕದ ಮಿಷನರಿ ರಾಯಲ್ ಗೌಲ್ಡ್ ವೈಲ್ಡರ್ ಬಂದದ್ದು 1852ರಲ್ಲಿ. ಅದಕ್ಕೂ ಮೊದಲೇ ಬೆಳಗಾವಿ, ಧಾರವಾಡಗಳಲ್ಲಿ ಮಿಷನ್ ಕೆಲಸ ಆರಂಭವಾಗಿತ್ತು. ಹೀಗೆ ನಮ್ಮ ಕಡೆ ಕ್ರಿಸ್ತನ ಸುವಾರ್ತೆ ಮರಾಠಿಯಲ್ಲಿಯೂ ಬಂತು, ಕನ್ನಡದಲ್ಲಿಯೂ ಬಂತು. ಸುವಾರ್ತೆ ಬಂದ ಮಾತ್ರಕ್ಕೆ ಅಂಜಿಕೆ ಊರು ಬಿಟ್ಟು ಹೋಗಲಿಲ್ಲ. ಕೊರಳಲ್ಲಿ ಶಿಲುಬೆ ಇದ್ದರೂ ಅದರ ಪಕ್ಕದಲ್ಲೇ ತಾಯಿತ ಕಟ್ಟಿಕೊಳ್ಳುವವರಿದ್ದಾರೆ. ಭಾನುವಾರ ಪ್ರಾರ್ಥನೆ, ಅಮಾವಾಸ್ಯೆಗೆ ದೇವಋಷಿ ಎಂದು ಎರಡು ಖಾತೆ ಇಟ್ಟುಕೊಂಡವರೂ ಇದ್ದಾರೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಕೇಡು ಎಂಬುದು ಬರೀ ಭ್ರಮೆ ಎಂದು ಕ್ರೈಸ್ತ ಧರ್ಮ ಹೇಳುವುದಿಲ್ಲ. ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯ ಕೊನೆಯ ಬೇಡಿಕೆಯೇ ಕೇಡಿನಿಂದ ಬಿಡುಗಡೆ. ಅಲ್ಲಿನ ಗ್ರೀಕ್ ಪದಕ್ಕೆ ‘ಕೇಡು’ ಎಂದೂ ಅರ್ಥವಾಗುತ್ತದೆ, ‘ಕೇಡುಗ’ ಎಂದೂ ಅರ್ಥವಾಗುತ್ತದೆ. ಆದರೆ ಆ ಕೇಡುಗನ ಹೆಸರುಗಳನ್ನು ಸ್ವಲ್ಪ ಗಮನಿಸಿರಿ. ‘ಸೈತಾನ’ ಎಂಬುದು ಹೀಬ್ರೂ ಮಾತು. ಎದುರಾಳಿ, ಆರೋಪ ಹೊರಿಸುವವನು ಎಂದು ಅದರ ಅರ್ಥ. ಗ್ರೀಕಿನಲ್ಲಿ ‘ದಿಯಾಬೊಲೊಸ್’. ಹಾಗೆಂದರೆ ಚಾಡಿಕೋರ, ಇಲ್ಲದ್ದನ್ನು ಹೇಳಿ ಹೆಸರು ಕೆಡಿಸುವವನು. ಪವಿತ್ರಾತ್ಮನಿಗೆ ಯೋಹಾನನ ಸುವಾರ್ತೆಯಲ್ಲಿ ಇರುವ ಹೆಸರು ‘ಪಾರಕ್ಲೀತ’. ಕರೆದಾಗ ಬಂದು ಪಕ್ಕದಲ್ಲಿ ನಿಲ್ಲುವವನು, ನಮ್ಮ ಪರವಾಗಿ ಮಾತಾಡುವವನು, ಕೋರ್ಟಿನ ಮಾತಿನಲ್ಲಿ ಹೇಳಬೇಕೆಂದರೆ ವಕೀಲ.

ಈಗ ಓಣಿಯ ಆ ಮುದುಕಿಯನ್ನು ನೆನೆಯಿರಿ. ಹತ್ತು ಮಂದಿ ಸೇರಿ ಆಕೆಯ ಮೇಲೆ ಆರೋಪ ಹೊರಿಸುವಾಗ ಅಲ್ಲಿ ಸೈತಾನನ ಕೆಲಸ ಯಾರು ಮಾಡುತ್ತಿದ್ದಾರೆ? ಮುದುಕಿಯೋ, ಆ ಹತ್ತು ಮಂದಿಯೋ? ವಿಶ್ವಾಸಿಯಾದವನು ನಿಲ್ಲಬೇಕಾದ ಜಾಗ ಯಾವುದು? ಯೇಸುಸ್ವಾಮಿಯ ಮೇಲೆಯೇ ಇಂಥ ಆರೋಪ ಬಂದಿತ್ತು. ಆತನು ದೆವ್ವಗಳ ಒಡೆಯನ ಬಲದಿಂದ ದೆವ್ವ ಬಿಡಿಸುತ್ತಾನೆಂದು ಶಾಸ್ತ್ರಿಗಳು ಹೇಳಿದರು. ಆತನಿಗೆ ಬುದ್ಧಿ ಭ್ರಮಣೆಯಾಗಿದೆ ಎಂಬ ಮಾತೂ ಹುಟ್ಟಿತು. ಮಾರ್ಕನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಇದು ಇದೆ. ಆತನನ್ನು ನಂಬುವವರು ಇನ್ನೊಬ್ಬರ ಮೇಲೆ ಅದೇ ಆರೋಪ ಹೊರಿಸುವುದು ಹೇಗೆ?

ಪೌಲನು ಎಫೆಸ ಪಟ್ಟಣದವರಿಗೆ ಬರೆದ ಪತ್ರದಲ್ಲಿ, ನಮ್ಮ ಹೋರಾಟ ರಕ್ತಮಾಂಸವುಳ್ಳ ಮನುಷ್ಯರ ವಿರುದ್ಧ ಅಲ್ಲವೆಂದು ತಿಳಿಸುತ್ತಾನೆ. ಬ್ಯಾಂಕಿನವನಾದ ನನಗೆ ಇದು ಖೋಟಾ ನೋಟಿನ ಉದಾಹರಣೆಯಿಂದ ಹೆಚ್ಚು ತಿಳಿಯಿತು. ಗಿರಾಕಿ ಕೊಟ್ಟ ಕಟ್ಟಿನಲ್ಲಿ ಒಂದು ಖೋಟಾ ನೋಟು ಸಿಕ್ಕರೆ ಕ್ಯಾಶಿಯರು ಅದನ್ನು ಮರಳಿ ಕೊಡುವುದಿಲ್ಲ. ಶಿಕ್ಕಾ ಹೊಡೆದು ಜಪ್ತಿ ಮಾಡುತ್ತಾನೆ. ಆದರೆ ತಂದವನಿಗೆ ಒಂದು ಪಾವತಿ ಬರೆದು ಕೊಡುತ್ತಾನೆ. ನೋಟು ಖೋಟಾ ಎಂದ ಮಾತ್ರಕ್ಕೆ ತಂದವನು ಕಳ್ಳನಲ್ಲ. ಸಂತೆಯಲ್ಲಿ ಅವನೂ ಮೋಸ ಹೋಗಿರಬಹುದು. ನೋಟಿನ ಮೇಲೆ ಬಿಗಿ, ಮನುಷ್ಯನ ಮೇಲೆ ನ್ಯಾಯ. ಕೇಡಿನ ವಿಷಯದಲ್ಲಿಯೂ ಇದೇ ರಿವಾಜು ಇರಬೇಕು. ಸುಳ್ಳು, ದ್ವೇಷ, ಕುಡಿತ, ಲಂಚ ಇವನ್ನು ಒಳಗೆ ಬಿಡಬಾರದು. ಅವುಗಳ ಕೈಗೆ ಸಿಕ್ಕ ಮನುಷ್ಯನನ್ನು ಹೊರಗೆ ತಳ್ಳಬಾರದು.

ಆ ಎಫೆಸ ಪಟ್ಟಣವೂ ನಮ್ಮ ಊರುಗಳಿಗೆ ತೀರ ದೂರದ್ದಲ್ಲವೆನ್ನಿಸುತ್ತದೆ. ಅದು ಈಗಿನ ತುರ್ಕಸ್ತಾನದಲ್ಲಿದ್ದ ದೊಡ್ಡ ವ್ಯಾಪಾರದ ಊರು, ಮಂತ್ರದ ಚೀಟಿಗಳಿಗೆ ಹೆಸರಾದದ್ದು. ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ 19ನೆಯ ಅಧ್ಯಾಯದಲ್ಲಿ ಅಲ್ಲಿನ ಎರಡು ಸಂಗತಿಗಳಿವೆ. ಸ್ಕೇವ ಎಂಬ ಯಾಜಕನ ಏಳು ಮಕ್ಕಳು ಯೇಸುವಿನ ಹೆಸರನ್ನೇ ಒಂದು ಹೊಸ ಮಂತ್ರದಂತೆ ಬಳಸಿ ದೆವ್ವ ಬಿಡಿಸಲು ಹೋದರು. ಪೆಟ್ಟು ತಿಂದು, ಬಟ್ಟೆ ಬಿಟ್ಟು ಓಡಿ ಬರಬೇಕಾಯಿತು. ನಂಬಿಕೆಯಿಲ್ಲದೆ ಹೆಸರನ್ನಷ್ಟೇ ಹಿಡಿದರೆ ಅದು ಇನ್ನೊಂದು ತಾಯಿತವಾಗುತ್ತದೆ, ಅಷ್ಟೆ. ಶಿಲುಬೆಗೂ ಪವಿತ್ರ ಜಲಕ್ಕೂ ಪ್ರಾರ್ಥನೆಯ ಎಣ್ಣೆಗೂ ಈ ಎಚ್ಚರಿಕೆ ಸಲ್ಲುತ್ತದೆ.

ಎರಡನೆಯ ಸಂಗತಿ, ಮಂತ್ರವಿದ್ಯೆ ನಡೆಸುತ್ತಿದ್ದ ಅನೇಕರು ತಮ್ಮ ಪುಸ್ತಕಗಳನ್ನು ತಾವೇ ತಂದು ಎಲ್ಲರ ಎದುರಿಗೆ ಸುಟ್ಟರು. ಲೆಕ್ಕ ಹಾಕಿದಾಗ ಅವುಗಳ ಬೆಲೆ 50,000 ಬೆಳ್ಳಿ ನಾಣ್ಯ. ಆ ಕಾಲದಲ್ಲಿ ಒಂದು ಬೆಳ್ಳಿ ನಾಣ್ಯ ಸುಮಾರಾಗಿ ಒಂದು ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ಒಬ್ಬ ಕೂಲಿಯವನಿಗೆ ಅಷ್ಟು ಗಳಿಸಲು 166 ವರ್ಷಕ್ಕಿಂತ ಹೆಚ್ಚು ಬೇಕು. ಅಂಜಿಕೆಯ ವ್ಯಾಪಾರ ಅಂದೂ ಇಷ್ಟು ದೊಡ್ಡದಿತ್ತು. ಇಲ್ಲಿ ನೆನಪಿಡಬೇಕಾದದ್ದು, ಅವರು ಸುಟ್ಟದ್ದು ತಮ್ಮ ಪುಸ್ತಕಗಳನ್ನು. ಬೇರೆಯವರ ಮನೆಗೆ ಬೆಂಕಿ ಇಡಲಿಲ್ಲ.

ಹಾಗಾದರೆ ಎದುರಿಸುವುದು ಹೇಗೆ? ಪೌಲನು ಸೈನಿಕನ ಆಯುಧಗಳನ್ನು ಹೆಸರಿಸುತ್ತಾನೆ. ನಡುಪಟ್ಟಿ ಸತ್ಯ, ಎದೆಗವಚ ನೀತಿ, ಕಾಲಿನ ಕೆರ ಸಮಾಧಾನದ ಸುದ್ದಿ ಒಯ್ಯುವ ಸಿದ್ಧತೆ, ಗುರಾಣಿ ನಂಬಿಕೆ, ತಲೆಗೆ ರಕ್ಷಣೆ, ಕೈಯಲ್ಲಿ ದೇವರ ವಾಕ್ಯವೆಂಬ ಕತ್ತಿ. ಇದರಲ್ಲಿ ಲಿಂಬೆಹಣ್ಣೂ ಇಲ್ಲ, ಕರಿದಾರವೂ ಇಲ್ಲ. ಸಂತೆಯಲ್ಲಿ ಕೊಳ್ಳಲು ಬರುವಂಥದ್ದು ಒಂದೂ ಇಲ್ಲ. ತಕ್ಕಡಿಯಲ್ಲಿ ಮೋಸ ಮಾಡದವನು ನಡುಪಟ್ಟಿ ಕಟ್ಟಿಕೊಂಡಿದ್ದಾನೆ. ಮುರಿದ ಅಣ್ಣತಮ್ಮಂದಿರನ್ನು ಕೂಡಿಸಲು ಹೋದವನು ಕೆರ ಮೆಟ್ಟಿಕೊಂಡಿದ್ದಾನೆ.

ಅಡವಿಯಲ್ಲಿ 40 ದಿನ ಉಪವಾಸವಿದ್ದ ಯೇಸುವಿಗೆ ಬಂದ ಶೋಧನೆಗಳೂ ಭೂತದ ರೂಪದಲ್ಲಿ ಬರಲಿಲ್ಲ. ಹಸಿದ ಹೊಟ್ಟೆಗೆ ರೊಟ್ಟಿ, ಜನ ಬೆರಗಾಗುವ ಪವಾಡ, ಲೋಕದ ಅಧಿಕಾರ ಎಂಬ ಮೂರು ಆಸೆಗಳಾಗಿ ಬಂದವು. ಸೈತಾನನು ಶಾಸ್ತ್ರದ ಮಾತನ್ನೂ ಹೇಳಬಲ್ಲ ಎಂಬುದು ಅಲ್ಲಿ ಕಾಣುತ್ತದೆ. ಬಾಯಲ್ಲಿ ದೇವರ ಮಾತು ಇದ್ದವರೆಲ್ಲ ದೇವರ ಕಡೆಯವರಲ್ಲ ಎಂಬುದನ್ನು ನಾವು ಮರೆಯಬಾರದು.

ಇನ್ನೊಂದು ಉಪಾಯವನ್ನು ಸಂತ ಇಗ್ನೇಷಿಯಸ್ ಲೊಯೋಲಾ 16ನೆಯ ಶತಮಾನದಲ್ಲಿ ಕಲಿಸಿದ. ಕೇಡುಗನಿಗೆ ಗುಟ್ಟು ಬೇಕು. ನಂಬಿಕೆಯುಳ್ಳ ಒಬ್ಬ ಹಿರಿಯನ ಮುಂದೆ ಮನಸ್ಸಿನದನ್ನು ಬಿಚ್ಚಿ ಹೇಳಿದರೆ ಅವನ ಆಟ ನಡೆಯದು ಎಂಬುದು ಆತನ ಮಾತಿನ ಸಾರ. ಖಾಸಗಿ ಸಾಲ ಹೆಂಡತಿಗೆ ಹೇಳದೆ ಮುಚ್ಚಿಟ್ಟವನು ನಿದ್ದೆಗೆಡುತ್ತಾನೆ. ರಾತ್ರಿ ಎದೆಯ ಮೇಲೆ ಏನೋ ಕೂತಂತಾಗುತ್ತದೆ ಎನ್ನುತ್ತಾನೆ. ಅಂಥವನಿಗೆ ಬೇಕಾದದ್ದು ಅಂಗಾರವಲ್ಲ, ಕಿವಿಗೊಟ್ಟು ಕೇಳುವ ಒಬ್ಬ ಮನುಷ್ಯ.

ಈಗ ಕಾಯಿಲೆಯ ಮಾತು. ಮತ್ತಾಯನು ತನ್ನ ನಾಲ್ಕನೆಯ ಅಧ್ಯಾಯದಲ್ಲಿ ಯೇಸುವಿನ ಬಳಿಗೆ ತಂದವರ ಪಟ್ಟಿ ಕೊಡುವಾಗ ರೋಗಿಗಳನ್ನೂ ದೆವ್ವ ಹಿಡಿದವರನ್ನೂ ಬೇರೆಬೇರೆಯಾಗಿ ಹೆಸರಿಸುತ್ತಾನೆ. ಎಲ್ಲ ಕಾಯಿಲೆಯೂ ದೆವ್ವವೆಂದು ಸುವಾರ್ತೆ ಹೇಳಿಲ್ಲ. ಹುಟ್ಟು ಕುರುಡನನ್ನು ಕಂಡು, ಇದು ಯಾರ ಪಾಪವೆಂದು ಶಿಷ್ಯರು ಕೇಳಿದಾಗ ಯೇಸು ಆ ಪ್ರಶ್ನೆಯನ್ನೇ ಒಪ್ಪಲಿಲ್ಲ. ಕಥೋಲಿಕ ಸಭೆಯ 1983ರ ಧರ್ಮಸಂಹಿತೆಯ ಪ್ರಕಾರ, ಬಿಷಪ್ಪರ ಸ್ಪಷ್ಟ ಅಪ್ಪಣೆಯಿಲ್ಲದೆ ಯಾವ ಪಾದ್ರಿಯೂ ದೆವ್ವ ಬಿಡಿಸುವ ವಿಧಿ ನಡೆಸುವಂತಿಲ್ಲ. ಅದಕ್ಕೂ ಮುಂಚೆ ಇದು ಕಾಯಿಲೆಯಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕೆಂದು 1992ರ ಧರ್ಮೋಪದೇಶ ಗ್ರಂಥ ತಿಳಿಸುತ್ತದೆ. ನಮ್ಮ ಮಗ್ಗುಲಿನ ಮಿರಜದಲ್ಲಿ ಡಾಕ್ಟರ್ ವಿಲಿಯಂ ವಾನ್ಲೆಸ್ 1894ರಲ್ಲಿ ಆಸ್ಪತ್ರೆ ತೆರೆದದ್ದೂ ಇದೇ ನಂಬಿಕೆಯಿಂದ. ಪ್ರಾರ್ಥನೆಯೂ ಇರಲಿ, ದವಾಖಾನೆಯೂ ಇರಲಿ. ಮೂರ್ಛೆರೋಗಕ್ಕೆ ಗುಳಿಗೆ ಇದೆ. ಮನಸ್ಸಿನ ಕಾಯಿಲೆಗೆ ರತ್ನಾಗಿರಿಯಲ್ಲಿಯೂ ಧಾರವಾಡದಲ್ಲಿಯೂ ಸರಕಾರಿ ಆಸ್ಪತ್ರೆಗಳಿವೆ. 2022ರಿಂದ ನಡೆದಿರುವ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಫೋನ್ ಮಾಡಿದರೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಮಾತಾಡುತ್ತಾರೆ.

ಕ್ರೈಸ್ತರು ಈ ದಾರಿಯನ್ನು ಯಾವಾಗಲೂ ಬಿಡದೆ ನಡೆದರೆಂದು ಹೇಳಿದರೆ ಅದು ಸುಳ್ಳಾದೀತು. ಯುರೋಪಿನಲ್ಲಿ ಮಾಟಗಾತಿಯರೆಂದು ಸಾವಿರಾರು ಜನರನ್ನು ಕೊಂದರು. ಅಮೆರಿಕದ ಸೇಲಂ ಊರಿನಲ್ಲಿ 1692ರಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ದಿನಾ ಬೈಬಲ್ ಓದುವ ಜನರೇ ಇದನ್ನು ಮಾಡಿದರು. ಐದು ವರ್ಷಗಳ ಮೇಲೆ, 1697ರಲ್ಲಿ, ತೀರ್ಪು ಕೊಟ್ಟವರಲ್ಲಿ ಒಬ್ಬನಾದ ಸ್ಯಾಮುಯೆಲ್ ಸೀವಾಲ್ ತುಂಬಿದ ಚರ್ಚಿನಲ್ಲಿ ಎದ್ದು ನಿಂತು, ತನ್ನ ಅಪರಾಧವನ್ನು ಒಪ್ಪಿಕೊಂಡ ಬರಹವನ್ನು ಪಾದ್ರಿಯಿಂದ ಓದಿಸಿದ. ಕೇಡಿನ ವಿರುದ್ಧ ಹೋರಾಡುತ್ತೇವೆಂದು ಹೊರಟವರೇ ಕೇಡಿನ ಕೈಯಾಳಾದರು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಮ್ಮ ಕಾಲದಲ್ಲಿ ಈ ವಿಷಯಕ್ಕೆ ಕಾಯದೆಯೂ ಬಂದಿದೆ. ಅಂಧಶ್ರದ್ಧೆಯ ವಿರುದ್ಧ ದುಡಿದ ಡಾಕ್ಟರ್ ನರೇಂದ್ರ ದಾಭೋಲಕರರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಟ್ಟು ಕೊಂದರು. ಅದೇ ವರ್ಷ ಮಹಾರಾಷ್ಟ್ರದಲ್ಲಿ ಮಾಟ ಮತ್ತು ಅಮಾನುಷ ಆಚರಣೆಗಳ ವಿರುದ್ಧ ಕಾಯದೆ ಆಯಿತು. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿ ಹಾಕುವುದು, ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು ಅಪರಾಧ. ಇಂಥವರು ಕರಣಿ ಮಾಡುತ್ತಾರೆಂದು ಹೆಸರಿಡುವುದೂ ಅಪರಾಧ. ಶಿಕ್ಷೆ ಆರು ತಿಂಗಳಿನಿಂದ ಏಳು ವರ್ಷದವರೆಗೆ. ಗಡಿಯಾಚೆ ಕರ್ನಾಟಕದಲ್ಲಿಯೂ 2017ರ ಕಾಯದೆ 2020ರಿಂದ ಜಾರಿಯಲ್ಲಿದೆ. ಹಿರಣ್ಯಕೇಶಿಯ ಈ ದಂಡೆಯಲ್ಲಿ ತಪ್ಪಾದದ್ದು ಆ ದಂಡೆಯಲ್ಲಿಯೂ ತಪ್ಪೇ. ಪಾದ್ರಿಯಾಗಲಿ, ಪಾಸ್ಟರ್ ಆಗಲಿ, ದೇವಋಷಿಯಾಗಲಿ, ಕಾಯದೆ ಎಲ್ಲರಿಗೂ ಒಂದೇ.

ನಾಲ್ಕನೆಯ ಶತಮಾನದಲ್ಲಿ ಜೆರುಸಲೇಮಿನಲ್ಲಿ ದೀಕ್ಷಾಸ್ನಾನಕ್ಕೆ ಬಂದವರು ಮೊದಲು ಕತ್ತಲೆಯ ದಿಕ್ಕಾದ ಪಡುವಣಕ್ಕೆ ಮುಖ ಮಾಡಿ, ಕೈ ಚಾಚಿ ಸೈತಾನನನ್ನು ತೊರೆಯುತ್ತಿದ್ದರು. ಆಮೇಲೆ ಮೂಡಣಕ್ಕೆ ತಿರುಗಿ ತಮ್ಮ ನಂಬಿಕೆಯನ್ನು ಹೇಳುತ್ತಿದ್ದರು. ಬಿಷಪ್ ಸಿರಿಲ್‌ನ ಹೆಸರಿನಲ್ಲಿ ಉಳಿದಿರುವ ಉಪದೇಶಗಳಲ್ಲಿ ಇದರ ವರ್ಣನೆ ಇದೆ. ತೊರೆಯುವ ಮಾತನ್ನು ಪ್ರತಿಯೊಬ್ಬನೂ ತನ್ನ ಪರವಾಗಿ ಹೇಳಿದ. ನೆರೆಯವನ ಕಡೆಗೆ ಬೆರಳು ತೋರಿಸಲು ಆ ವಿಧಿಯಲ್ಲಿ ಜಾಗವೇ ಇರಲಿಲ್ಲ.

ಬಂಧುಗಳೆ, ನಿಮ್ಮ ಧರ್ಮ ಯಾವುದೇ ಇರಲಿ, ನಿಮ್ಮ ಓಣಿಯಲ್ಲಿ ಯಾರದೋ ಮೇಲೆ ಇಂಥ ಮಾತು ಎದ್ದಾಗ ಮೊದಲು ಕಾಯಿಲೆಯವರನ್ನು ದವಾಖಾನೆಗೆ ಕರೆದೊಯ್ಯಿರಿ. ಆಮೇಲೆ ಆರೋಪ ಹೊತ್ತ ಆ ಮನೆಗೆ ಹೋಗಿ, ಒಂದು ಬಟ್ಟಲು ಚಹಾ ಕುಡಿದು ಬನ್ನಿರಿ. ನೀವು ಆ ಹೊಸ್ತಿಲು ದಾಟಿದ್ದನ್ನು ಇಡೀ ಓಣಿ ನೋಡಲಿ. ಕೇಡನ್ನು ಎದುರಿಸಲು ಇಷ್ಟು ಧೈರ್ಯ ಸಾಕು, ಇಷ್ಟು ಧೈರ್ಯ ಬೇಕೇ ಬೇಕು.