ಕೇಳುವುದನ್ನು ಕಲಿಯೋಣ

(ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಸಭೆಗಳಲ್ಲಿ ಒಂದು ಪದ್ಧತಿ ಬೆಳೆದುಬಂದಿದೆ. ಮುಂದಾಳು ಮುಕ್ಕಾಲು ಗಂಟೆ ಮಾತಾಡಿ, ಕೊನೆಗೆ "ಎಲ್ಲರಿಗೂ ಒಪ್ಪಿಗೆ ತಾನೆ?" ಎನ್ನುತ್ತಾನೆ. ಮುಂದಿನ ಸಾಲಿನವರು ತಲೆಯಾಡಿಸುತ್ತಾರೆ. ಹಿಂದೆ ಗೋಡೆಗೆ ಒರಗಿ ಕೂತ ಹೆಣ್ಣುಮಕ್ಕಳು ಸುಮ್ಮನಿರುತ್ತಾರೆ. ಠರಾವು ಸರ್ವಾನುಮತದಿಂದ ಪಾಸಾಯಿತೆಂದು ಪುಸ್ತಕದಲ್ಲಿ ಬರೆದಾಗುತ್ತದೆ. ಮರುದಿನ ಗಿರಣಿಯ ಗೇಟಿಗೆ ಬನ್ನಿರೆಂದರೆ ಬರುವವರು ಹತ್ತು ಜನ. ಆಗ ಮುಂದಾಳು "ಈ ಜನಕ್ಕೆ ತಿಳಿವಳಿಕೆ ಇಲ್ಲ" ಎಂದು ಬಯ್ಯುತ್ತಾನೆ.

ತಿಳಿವಳಿಕೆ ಜನಕ್ಕೆ ಇತ್ತು, ಅದನ್ನು ಯಾರೂ ಕೇಳಲಿಲ್ಲ. "ಒಪ್ಪಿಗೆ ತಾನೆ" ಎಂಬುದು ಪ್ರಶ್ನೆಯ ವೇಷ ಹಾಕಿದ ಅಪ್ಪಣೆ. ಉತ್ತರ ಅದರ ಹೊಟ್ಟೆಯಲ್ಲೇ ಇದೆ. ಮಾಲೀಕ ಅಪ್ಪಣೆ ಮಾಡುತ್ತಾನೆ, ಅಮಲ್ದಾರ ಅಪ್ಪಣೆ ಮಾಡುತ್ತಾನೆ. ಸಂಘವೂ ಅಪ್ಪಣೆಯನ್ನೇ ಮಾಡುವುದಾದರೆ ಕೂಲಿಯವನಿಗೆ ಮೂರನೆಯ ಧಣಿಯೊಬ್ಬ ಸಿಕ್ಕಂತಾಯಿತು, ಅಷ್ಟೆ.

ಒಳ್ಳೆಯ ಪ್ರಶ್ನೆಗೆ ಎಷ್ಟು ಬಲವಿದೆ ಎಂಬುದಕ್ಕೆ ಸಾಗರ ತಾಲ್ಲೂಕಿನ ಕಾಗೋಡನ್ನು ನೋಡಿರಿ. ಗೇಣಿ ಅನ್ಯಾಯವೆಂದು ಅಲ್ಲಿನ ಒಕ್ಕಲುಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಅನ್ಯಾಯ ಎಂಬ ದೊಡ್ಡ ಮಾತನ್ನು ಹಿಡಿದು ಎಳೆಯಲು ಕೈಗೆ ಹಗ್ಗ ಬೇಕಲ್ಲ! ಆ ಹಗ್ಗ ಒಂದು ಸಣ್ಣ ಪ್ರಶ್ನೆಯಾಗಿತ್ತು: ಗೇಣಿಯ ಭತ್ತ ಅಳೆಯುವ ಕೊಳಗ ಎಷ್ಟು ಸೇರಿನದು? ಧಣಿಗಳ ಕೊಳಗ ನಿಯಮದ ಕೊಳಗಕ್ಕಿಂತ ದೊಡ್ಡದು. ಇದು ಯಾರ ಕಣ್ಣೆದುರಿಗೂ ಅಳೆದು ತೋರಿಸಬಹುದಾದ ಸಂಗತಿ. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ ಇಂಥ ಪ್ರಶ್ನೆಗಳ ಮೇಲೆ ನಿಂತಿತು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಆರಂಭವಾಯಿತು. ಶಾಂತವೇರಿ ಗೋಪಾಲಗೌಡರು ಅದಕ್ಕೆ ಹೆಗಲು ಕೊಟ್ಟರು. ಜೂನ್‌ನಲ್ಲಿ ಬಂದ ಡಾ. ರಾಮಮನೋಹರ ಲೋಹಿಯಾ ಅವರು ಬಂಧನಕ್ಕೊಳಗಾದರು. ಗೇಣಿದಾರನಿಗೆ ಭೂಮಿಯ ಒಡೆತನ ಕೊಟ್ಟ ಕಾನೂನು 1974ರಲ್ಲಿ ಬಂತು. ಕೊಳಗದಿಂದ ಕಾನೂನಿನವರೆಗೆ ಹೆಚ್ಚು ಕಡಿಮೆ ಇಪ್ಪತ್ತಮೂರು ವರ್ಷದ ದಾರಿ.

ಅದೇ ಲೋಹಿಯಾ ಅವರು 1963ರಲ್ಲಿ ಲೋಕಸಭೆಯಲ್ಲಿ, ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದರು. ಪ್ರಧಾನಿ ನೆಹರೂ ಅವರು ಹದಿನೈದಾಣೆ ಎಂದರು. ಆ ಎರಡು ಲೆಕ್ಕಗಳ ನಡುವೆ ನಿಂತದ್ದು "ಯಾರ ಸರಾಸರಿ?" ಎಂಬ ಪ್ರಶ್ನೆ. ಸಾಹುಕಾರನ ಗಳಿಕೆಯನ್ನೂ ಕೂಲಿಯವನ ಗಳಿಕೆಯನ್ನೂ ಕೂಡಿಸಿ ಭಾಗಿಸಿದರೆ, ಕೂಲಿಯವನು ಕಾಗದದ ಮೇಲೆ ಸಿರಿವಂತನಾಗುತ್ತಾನೆ.

ಈಗ ನಮ್ಮ ಬೀದಿಗೆ ಬರೋಣ. "ಪಿ.ಎಫ್. ಕಟ್ಟುತ್ತಿದ್ದಾರೆಯೆ?" ಎಂದು ಗಿರಣಿಯವರನ್ನು ಕೇಳಿದರೆ, ಸಂಬಳದ ಚೀಟಿಯಲ್ಲಿ ಹಿಡಿದಿದ್ದಾರಲ್ಲ, ಕಟ್ಟುತ್ತಾರೆ ಎನ್ನುತ್ತಾರೆ. "ನಿಮ್ಮ ಖಾತೆಗೆ ಕೊನೆಯ ಸಲ ಹಣ ಬಿದ್ದದ್ದು ಯಾವ ತಿಂಗಳು?" ಎಂದು ಕೇಳಿರಿ. ಉತ್ತರ ಹೇಳಲು ಅವರು ಹೋಗಿ ನೋಡಲೇಬೇಕು. ನೋಡಿ ಬಂದವನು ಮೊದಲಿನ ಮನುಷ್ಯನಾಗಿ ಉಳಿಯುವುದಿಲ್ಲ. "ಪಾಳಿ ಅನುಕೂಲವಾಗಿದೆಯೆ?" ಎನ್ನುವ ಬದಲು "ಪಾಳಿ ಬಿಟ್ಟ ಮೇಲೆ ನಿಮ್ಮ ಹಳ್ಳಿಗೆ ಬಸ್ಸು ಎಷ್ಟು ಗಂಟೆಗೆ?" ಎಂದು ಕೇಳಿದರೆ, ಗೋಡೆಗೆ ಒರಗಿ ಕೂತಿದ್ದ ತಾಯಿಯೂ ಬಾಯಿ ಬಿಡುತ್ತಾಳೆ.

ಗುಂಡ್ಲುಪೇಟೆಯ ವ್ಯಾಪಾರಿ ಬಂಧುಗಳು ಇನ್ನೊಂದನ್ನು ಬಲ್ಲರು. 2009ರಲ್ಲಿ ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ನಿಲ್ಲಿಸಿದರು. "ನಿಷೇಧ ಬೇಕೋ ಬೇಡವೋ?" ಎಂದು ಕೇಳಿದರೆ ಸಭೆ ಎರಡು ಹೋಳಾಗಿ, ಕೂಗಾಟದಲ್ಲಿ ಮುಗಿಯುತ್ತದೆ. "ಆ ಒಂಬತ್ತು ಗಂಟೆ ನಿಮ್ಮ ತರಕಾರಿ ಎಲ್ಲಿ ನಿಲ್ಲುತ್ತದೆ? ಬಾಡಿದ ಮಾಲಿನ ನಷ್ಟ ಯಾರ ತಲೆಗೆ?" ಎಂದು ಕೇಳಿದರೆ ಬೆಳೆದವನು, ಲಾರಿಯವನು, ಅಂಗಡಿಯವನು ಮೂವರೂ ಒಂದೇ ಲೆಕ್ಕಕ್ಕೆ ಕೂರುತ್ತಾರೆ. ಆನೆಯನ್ನೂ ಉಳಿಸಿ ಅನ್ನವನ್ನೂ ಉಳಿಸುವ ದಾರಿ ಆ ಲೆಕ್ಕದಿಂದಲೇ ಹೊರಡಬೇಕು.

ಪ್ರಶ್ನೆಗೆ ಹೊತ್ತೂ ಇದೆ. 2021ರ ಮೇ 2ರ ರಾತ್ರಿಯನ್ನು ಚಾಮರಾಜನಗರ ಮರೆಯಲಾರದು. ಕೋವಿಡ್ ಕಾಲದ ಜಿಲ್ಲಾ ಆಸ್ಪತ್ರೆಯಲ್ಲಿ ಒಂದು ದಿನದೊಳಗೆ 24 ಜನ ತೀರಿಕೊಂಡರು. ಆಮ್ಲಜನಕದ ಸಿಲಿಂಡರು ಮೈಸೂರಿನಿಂದ ಬರಬೇಕಿತ್ತು. ಆಮೇಲೆ ಊರೆಲ್ಲ ಕೇಳಿದ್ದು "ಯಾರ ತಪ್ಪು?" ಎಂದು. ಕೇಳಲೇಬೇಕಾದ ಮಾತೇ. ಆದರೆ ಆ ಪ್ರಶ್ನೆ ಸತ್ತವರ ಪರವಾಗಿ ಕೇಳುವಂಥದು. ಬದುಕಿರುವವರ ಪರವಾಗಿ ಕೇಳುವ ಪ್ರಶ್ನೆ ಬೇರೆ ಇದೆ: ದಿನಕ್ಕೆ ಎಷ್ಟು ಬೇಕು? ಈ ಸಂಜೆ ಎಷ್ಟಿದೆ? ಗಾಡಿ ಎಲ್ಲಿಂದ, ಎಷ್ಟು ಹೊತ್ತಿಗೆ? ಇದನ್ನು ಪ್ರತಿ ಸಂಜೆ ಕೇಳುವವರು ಊರಿಗೊಬ್ಬರಾದರೂ ಇರಬೇಕು.

ಕೇಳಲು ನಮಗೆ ಕಾನೂನಿನ ಬಲವೂ ಇದೆ. 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಏತಕ್ಕೆ ಬೇಕೆಂದು ಅಧಿಕಾರಿ ಕೇಳುವಂತಿಲ್ಲ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದ ಮಿತಿ. ಆದ್ದರಿಂದ "ಚರಂಡಿ ಏಕೆ ಮಾಡಿಲ್ಲ?" ಎಂದು ಸಿಟ್ಟಿನಿಂದ ಬರೆದರೆ ಪ್ರಯೋಜನ ಕಡಿಮೆ. "ಇಂಥ ಬೀದಿಯ ಚರಂಡಿಗೆ ಮಂಜೂರಾದ ಹಣ, ಖರ್ಚಾದ ಹಣ, ಅಳತೆ ಪುಸ್ತಕದ ನಕಲು ಕೊಡಿ" ಎಂದು ಬರೆಯಿರಿ. ಕಾಗದ ಕೇಳಿದರೆ ಕಾಗದ ಸಿಗುತ್ತದೆ.

ಪ್ರಶ್ನೆ ಕೇಳುವುದು ದೊಡ್ಡವರಿಗೆ ಅಗೌರವವೆಂದು ಕೆಲವರು ಹೆದರುತ್ತಾರೆ. ಮಂಟೇಸ್ವಾಮಿ ಕಲ್ಯಾಣಕ್ಕೆ ಹೋಗಿ ಬಸವಣ್ಣನವರ ಶರಣರನ್ನೇ ಪರೀಕ್ಷೆಗೆ ಹಚ್ಚಿದ ಕಥೆಯನ್ನು ನಮ್ಮ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುತ್ತಾರೆ. ಅದನ್ನು ಕೇಳಿ ಬೆಳೆದ ನೆಲ ಇದು. ಪ್ರಶ್ನೆಗೆ ಇಲ್ಲಿ ಯಾರೂ ಹೆದರಬೇಕಾಗಿಲ್ಲ.

ಆದ್ದರಿಂದ ಕಾರ್ಯಕರ್ತರು ನಾಲ್ಕು ಮಾತು ನೆನಪಿಡಿ. ಎಣಿಸಿಯೋ, ಅಳೆದೋ, ನೋಡಿಯೋ ಉತ್ತರ ಹೇಳಬಹುದಾದ ಪ್ರಶ್ನೆ ಕೇಳಿ. ನೋವು ಯಾರದೋ ಅವರನ್ನೇ ಮೊದಲು ಕೇಳಿ. ಕೇಳಿದ ಮೇಲೆ ಬಾಯಿ ಮುಚ್ಚಿ ಕಾಯಿರಿ; ಬಡವನ ಉತ್ತರ ತಡವಾಗಿ ಬರುತ್ತದೆ, ಏಕೆಂದರೆ ಅವನನ್ನು ಯಾರೂ ಕೇಳಿ ಅಭ್ಯಾಸವಿಲ್ಲ. ಬಂದ ಉತ್ತರವನ್ನು ಅವರದೇ ಮಾತಿನಲ್ಲಿ ಬರೆದುಕೊಂಡು, ಮುಂದಿನ ಸಭೆಯಲ್ಲಿ ಅದನ್ನೇ ಮೊದಲು ಓದಿ.

ಹೀಗೆ ಕೇಳಿಸಿಕೊಂಡವನು ಗೇಟಿಗೆ ಬರುತ್ತಾನೆ. ಠರಾವು ಆಗ ಅವನದಾಗಿರುತ್ತದೆ.